ಫಿರ್ಯಾದಿ ಎಂದರೆ ಯಾರು?

'ಫಿರ್ಯಾದಿ' ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಗೃಹಸ್ಥರಲ್ಲಿ ಅನೇಕರು ಮುಖವನ್ನು ಸಿಂಡರಿಸುವರು. ಅದು ಜಗಳಗಂಟರ ಹೆಸರೆಂದೂ, ಮಾನವಂತರಿಗೆ, ಅದರಲ್ಲಿಯೂ ಹೆಣ್ಣುಮಕ್ಕಳಿಗೆ, ಸಲ್ಲದುದೆಂದೂ ಅವರ ಎಣಿಕೆ. ಮನೆಯಲ್ಲಿ ಕಳವಾದರೂ, ಮೈಮೇಲೆ ಪೆಟ್ಟು ಬಿದ್ದರೂ ಎಷ್ಟೋ ಮಂದಿ ಬಾಯಿಮುಚ್ಚಿ ಕುಳಿತಿರುವುದಕ್ಕೆ ಈ ಎಣಿಕೆಯೂ ಒಂದು ಕಾರಣವು. ಆದುದರಿಂದ ಆ ಶಬ್ದದ ನಿಜಾರ್ಥವನ್ನು ಇಲ್ಲಿ ವಿಚಾರಿಸುವೆವು.

'ಫರ್ಯಾದ್' ಎಂಬುದು ಪಾರಸಿಯ ಶಬ್ದವು. ಕೂಗು, ಮೊರೆ ಎಂದು ಅದರ ಅರ್ಥ. ಆದಕಾರಣ ಫಿರ್ಯಾದಿಯೆಂದರೆ ಮೊರೆಯಿಡುವವನೇ ಹೊರತು ಹಗೆ ತೀರಿಸಿಕೊಳ್ಳುವವನಲ್ಲ. ಹೊಲಮನೆ, ಸಾಲಸೋಲಗಳ ದಾವೆಯನ್ನು ಹೂಡಿದವನು ವಾದಿ, ಅವನೆದುರಿನವನು ಪ್ರತಿವಾದಿ. ಅಪರಾಧವನ್ನು ಕುರಿತು ದೂರಿತ್ತವನು ಫಿರ್ಯಾದಿ. ದೂರಿಗೆ ಗುರಿಯಾದವನು ಆರೋಪಿ.

ನಮ್ಮ ಪೂರ್ವಿಕರು ಮೊರೆಯಿಡುವವನನ್ನು 'ಅರ್ಥಿ' ಎಂದು ಕರೆದರು. ಅರ್ಥಿಯು ಹೇಳಿದುದನ್ನು ಹೇಳಿದಂತೆಯೇ, ಪ್ರತ್ಯರ್ಥಿಯ ಎದುರಿನಲ್ಲಿ, ವರ್ಷ ಮಾಸ ಪಕ್ಷ ದಿನಗಳನ್ನೂ ಹೆಸರುಗಳನ್ನೂ ಕಾಣಿಸಿ ಬರೆಯಿಸಬೇಕೆಂದು ಯಾಜ್ಞವಲ್ಕ್ಯ ಸ್ಮೃತಿಯು ವಿಧಿಸುವುದು. ಆ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ನಮ್ಮ ಕಲ್ಯಾಣದಲ್ಲಿಯೇ ಇದ್ದವನು.

ಹೇಳಿದುದನ್ನು ಬರಹಕ್ಕೆ ಇಳಿಸಬೇಕೆಂಬ ಈ ಕಟ್ಟಳೆಯು ಇಂದಿಗೂ ಇರುತ್ತದೆ. 1973ರ ಸಂಹಿತೆಯ ಸ್ಥಾನದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ, ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದಂಥ ಅಪರಾಧವನ್ನು ಬಾಯಿಮಾತಿನಲ್ಲಿ ತಿಳಿಸಿದರೂ ಠಾಣೆಯವರು ಅದನ್ನು ಬರೆದುಕೊಂಡು, ಓದಿ ಹೇಳಿ, ಸಹಿ ಪಡೆಯತಕ್ಕದ್ದು. ಪ್ರತಿಯೊಂದನ್ನು ಪುಕ್ಕಟೆಯಾಗಿ ಕೊಡತಕ್ಕದ್ದು. ಅಪರಾಧವು ಬೇರೆ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ದೂರನ್ನು ತಳ್ಳಿಹಾಕುವಂತಿಲ್ಲ. ಬರೆದುಕೊಳ್ಳಲೊಪ್ಪದಿದ್ದರೆ ಅದನ್ನು ಅಂಚೆಯ ಮೂಲಕ ಜಿಲ್ಲೆಯ ಪೊಲೀಸ್ ವರಿಷ್ಠಾಧಿಕಾರಿಗೆ ಕಳುಹಿಸಬಹುದು. ಅಲ್ಲಿಯೂ ಫಲ ಕಾಣದಿದ್ದರೆ ಮ್ಯಾಜಿಸ್ಟ್ರೇಟರ ಮೊರೆಹೋಗಬಹುದು.

ದೂರು ಕೊಟ್ಟ ಮೇಲೆ ಮೊಕದ್ದಮೆಯ ಭಾರವೆಲ್ಲ ತನ್ನ ತಲೆಯ ಮೇಲೆಯೇ ಬೀಳುವುದೆಂದು ಹೆದರುವವರುಂಟು. ಪೊಲೀಸರು ತನಿಖೆಮಾಡಿ ನಡೆಯಿಸುವ ಮೊಕದ್ದಮೆಯಲ್ಲಿ ಆರೋಪವನ್ನು ಸ್ಥಾಪಿಸುವ ಹೊಣೆಯು ಸರಕಾರದ್ದು. ಫಿರ್ಯಾದಿಯು ಸಾಮಾನ್ಯವಾಗಿ ಅಲ್ಲಿ ಒಬ್ಬ ಸಾಕ್ಷಿಯಾಗಿ ನಿಲ್ಲುವನು. ಆದರೆ ಸುಳ್ಳೆಂದು ತಿಳಿದೂ ಒಬ್ಬನ ಮೇಲೆ ಕೇಡೆಣಿಸಿ ದೂರು ಹೊರಿಸುವುದು ತಾನೇ ಒಂದು ಅಪರಾಧವೆಂಬುದನ್ನು ಮರೆಯಬಾರದು. ಆರೋಪಿಯೂ ತೀರ್ಪಿನವರೆಗೆ ಅಪರಾಧಿಯಲ್ಲ.

ಕಂಡುದನ್ನು ಕಂಡಂತೆ ಹೇಳುವವರಿಗೆ ಈ ಹೆಸರಿನಿಂದ ಕುಂದಿಲ್ಲ. ಅನ್ಯಾಯಕ್ಕೊಳಗಾದ ಸೋದರಿಯೊಬ್ಬಳು ಮೊರೆಯಿಡಲು ಹೊರಟಾಗ 'ಮನೆಯ ಮಾನ ಹೋಗುವುದು' ಎಂದು ಅವಳ ಬಾಯಿಯನ್ನು ಕಟ್ಟದೆ ಜೊತೆಗೆ ಹೋಗುವುದೇ ಮನೆಯವರಿಗೆ ಮಾನವೆಂದು ನಾವು ಬಗೆಯುವೆವು.