ಇರುಳಿಗೆ ತಕ್ಕ ವಿದ್ಯುತ್ತು

ಆಷಾಢದ ಗಾಳಿ ಎದ್ದ ಮೇಲೆ ಕರೆಂಟು ಇದ್ದೇ ಇರುವುದೆಂಬ ಭರವಸೆಯನ್ನು ಮಲೆನಾಡಿನ ಮನೆಗಳಲ್ಲಿ ಯಾರೂ ಇಟ್ಟುಕೊಳ್ಳುವುದಿಲ್ಲ. ಘಟ್ಟದ ಅಂಚಿನಲ್ಲಿಯೂ ಕಾಡಿನ ನಡುವೆಯೂ ಅಡಕೆಯ ತೋಟಗಳ ಮೇಲೆಯೂ ಬಹುದೂರ ಹಾದುಬರುವ ತಂತಿಯ ಮೇಲೆ ಎಲ್ಲಿಯೋ ಒಂದು ಹೆಮ್ಮರ ಉರುಳಿದರೆ, ಅದು ಯಾವ ತಿರುವಿನಲ್ಲಿ ಉರುಳಿತೆಂಬುದನ್ನು ಮಳೆಯಲ್ಲಿ ನಡೆದು ಹುಡುಕಿ, ಕೊಂಬೆಗಳನ್ನು ಕಡಿದು, ಮುರಿದ ಕಂಬವನ್ನು ತೆಗೆದು ಹೊಸದನ್ನು ನೆಟ್ಟು, ತಂತಿಯನ್ನು ಬಿಗಿದು ಕಟ್ಟುವ ತನಕ ಆ ಸಾಲಿನ ಮನೆಗಳೆಲ್ಲ ಕತ್ತಲೆಯಲ್ಲಿ ಕಾಯಬೇಕಾಗುತ್ತದೆ. ಬಾವಿಗೆ ಹಗ್ಗವೂ ಅಡಿಗೆಗೆ ಸೌದೆಯೂ ಬೆಳಕಿಗೆ ಲಾಟೀನೂ ಇದ್ದ ಕಾಲದಲ್ಲಿ ಈ ಕಾಯುವಿಕೆ ಅಷ್ಟೇನೂ ಬಾಧಕವಾಗಿರಲಿಲ್ಲ. ಈಗ ನೀರು ಪಂಪಿನಿಂದ ಬರುತ್ತದೆ; ದೂರದ ಊರಿನಲ್ಲಿರುವ ಮಕ್ಕಳ ಕ್ಷೇಮಸಮಾಚಾರ ಮೊಬೈಲಿನಿಂದ ಬರುತ್ತದೆ; ಆಸ್ತಮಾದಿಂದ ಬಳಲುವ ಮುದುಕರಿಗೆ ನಡುರಾತ್ರಿಯಲ್ಲಿ ಸರಾಗವಾದ ಉಸಿರು ನೆಬ್ಯುಲೈಜರಿನಿಂದ ಬರುತ್ತದೆ. ಮಕ್ಕಳು ನಗರ ಸೇರಿ, ವೃದ್ಧ ದಂಪತಿಗಳಿಬ್ಬರೇ ಉಳಿದಿರುವ ಒಂಟಿಮನೆಗಳು ಇಂದು ಘಟ್ಟದ ಸೀಮೆಯಲ್ಲಿ ಎಷ್ಟು ಹೆಚ್ಚಿವೆ ಎಂಬುದನ್ನು ಬಲ್ಲವರಿಗೆ, ತಂತಿ ಕಡಿದ ಒಂದು ರಾತ್ರಿಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂತಹ ಮನೆಗಳಿಗೆ ಈಚಿನ ವರ್ಷಗಳಲ್ಲಿ ಒಂದು ಪೆಟ್ಟಿಗೆ ಬರತೊಡಗಿದೆ. ಅಂಗಡಿಯವರು ಇದನ್ನು ಪೋರ್ಟಬಲ್ ಪವರ್ ಸ್ಟೇಷನ್ ಎನ್ನುತ್ತಾರೆ. ಒಳಗೆ ಲಿಥಿಯಂ ಬ್ಯಾಟರಿ. ಅದರ ನೇರ ಪ್ರವಾಹವನ್ನು ಮನೆಯ ಉಪಕರಣಗಳು ಒಪ್ಪುವ 230 ವೋಲ್ಟಿನ ಪರ್ಯಾಯ ಪ್ರವಾಹವಾಗಿ ಮಾರ್ಪಡಿಸುವ ಇನ್ವರ್ಟರ್. ಕೋಶಗಳ ಉಷ್ಣತೆಯನ್ನೂ ವೋಲ್ಟೇಜನ್ನೂ ಸದಾ ಗಮನಿಸುತ್ತ, ಮಿತಿ ಮೀರಿದರೆ ತಾನಾಗಿ ಕಡಿದುಬಿಡುವ ಒಂದು ಕಾವಲು ಮಂಡಲ. ಹೊರಗೆ ಹಿಡಿಕೆ, ಪ್ಲಗ್ಗಿನ ಕಂಡಿಗಳು, ಉಳಿದಿರುವ ಶಕ್ತಿಯನ್ನು ತೋರಿಸುವ ಸಣ್ಣ ಪರದೆ. ಹೊಗೆಯಿಲ್ಲ, ಎಣ್ಣೆಯಿಲ್ಲ, ಫ್ಯಾನಿನ ಮೆಲ್ಲನೆಯ ಸದ್ದಿನ ಹೊರತು ಶಬ್ದವಿಲ್ಲ. ಪೆಟ್ರೋಲ್ ಜನರೇಟರನ್ನು ಮಳೆಗೆ ಹೆದರಿ ಜಗಲಿಯ ಒಳಗೋ ಮುಚ್ಚಿದ ಕೊಟ್ಟಿಗೆಯಲ್ಲೋ ಇಟ್ಟು, ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡಿಗೆ ನಿದ್ದೆಯಲ್ಲಿಯೇ ಬಲಿಯಾದವರ ಸುದ್ದಿಯನ್ನು ಓದಿದವರು, ಈ ಒಂದು ಗುಣಕ್ಕಾಗಿಯೇ ಇದನ್ನು ಮನೆಗೆ ತಂದರೆ ಅದು ವಿವೇಕದ ಮಾತೇ ಸರಿ.

ಬ್ಯಾಟರಿಯಿಂದ ಮನೆ ಬೆಳಗುವುದು ಕರ್ನಾಟಕಕ್ಕೆ ಹೊಸತಲ್ಲ. ತಂತಿಯ ವಿದ್ಯುತ್ತೇನೋ ನಮ್ಮ ನಾಡಿಗೆ ಬೇಗನೆ ಬಂದಿತು: 1902ರಲ್ಲಿಯೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂದಿತು. ಆದರೆ ಯಾವ ಶರಾವತಿಗೆ ಅಣೆ ಕಟ್ಟಿ ನಾಡಿಗೆಲ್ಲ ಬೆಳಕು ಹಂಚಿದರೋ, ಆ ಹೊಳೆಯ ಹಿನ್ನೀರಿನಲ್ಲಿ ಗದ್ದೆ ತೋಟಗಳನ್ನು ಕಳೆದುಕೊಂಡು ಕಾಡಿನಂಚಿಗೆ ಸರಿದವರ ಎಷ್ಟೋ ಮನೆಗಳಲ್ಲಿ ದಶಕಗಳ ಕಾಲ ಸೀಮೆಎಣ್ಣೆಯ ಬುಡ್ಡಿಯೇ ಉರಿಯಿತೆಂಬುದು ನೆನೆದರೆ ನೋವಾಗುವ ಸಂಗತಿ. ತಂತಿ ತಲುಪದ ಇಂತಹ ಊರುಗಳಿಗೆ ಸೂರ್ಯನ ಬೆಳಕಿನಿಂದ ದೀಪ ಕೊಡಬೇಕೆಂದು ಹರೀಶ್ ಹಂದೆಯವರು 1995ರಲ್ಲಿ ಸೆಲ್ಕೋ ಸಂಸ್ಥೆಯನ್ನು ಕಟ್ಟಿದರು. ಚಾವಣಿಯ ಮೇಲೊಂದು ಫಲಕ, ಮೂಲೆಯಲ್ಲೊಂದು ಸೀಸದ ಬ್ಯಾಟರಿ, ಎರಡೋ ನಾಲ್ಕೋ ದೀಪ, ಬ್ಯಾಂಕಿನ ಸಾಲ, ಕಂತಿನ ಮರುಪಾವತಿ ಎಂಬ ಸರಳ ವ್ಯವಸ್ಥೆಯಿಂದ ಅವರು ಸಾಧಿಸಿದ ಕಾರ್ಯಕ್ಕೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯ ಗೌರವ ದೊರೆಯಿತು. ಆ ಕಾರ್ಯದಲ್ಲಿ ನನಗೆ ಎಲ್ಲಕ್ಕಿಂತ ಹಿರಿದಾಗಿ ಕಾಣುವುದು, ಮನೆಗೆ ಏನು ಬೇಕೆಂಬುದನ್ನು ಮೊದಲು ಕೇಳಿ, ಆ ಬೇಕಿಗೆ ತಕ್ಕಂತೆ ಉಪಕರಣವನ್ನು ಹೊಂದಿಸಿದ ಕ್ರಮ. ಇಂದಿನ ಪೆಟ್ಟಿಗೆಯನ್ನು ಕೊಳ್ಳುವವರು ಬಹುಮಟ್ಟಿಗೆ ಇದರ ವಿಲೋಮ ಮಾರ್ಗದಲ್ಲಿ ನಡೆಯುತ್ತಾರೆ: ಡಬ್ಬದ ಮೇಲಿನ ಅಂಕಿಯನ್ನು ನೋಡಿ ಮೊದಲು ಕೊಂಡು, ಆ ಬಳಿಕ ಅದರಿಂದ ಏನೇನು ನಡೆದೀತೆಂದು ಯೋಚಿಸುತ್ತಾರೆ.

ಅಂಕಿಗಳು ಎರಡು. ಒಮ್ಮೆಗೆ ಎಷ್ಟು ಭಾರವನ್ನು ಎಳೆದೀತು ಎಂಬುದನ್ನು ವ್ಯಾಟ್ ಹೇಳುತ್ತದೆ. ಒಟ್ಟು ಎಷ್ಟು ಸಂಗ್ರಹವಿದೆ ಎಂಬುದನ್ನು ವ್ಯಾಟ್-ಅವರ್ ಹೇಳುತ್ತದೆ. ಸಾವಿರ ವ್ಯಾಟ್-ಅವರ್ ಎಂದರೆ ನಮ್ಮ ವಿದ್ಯುತ್ ಬಿಲ್ಲಿನ ಒಂದು ಯೂನಿಟ್ಟು. ಸಾಮಾನ್ಯ ಗೃಹಸ್ಥನೊಬ್ಬ ಸಾಕಷ್ಟು ಹಣ ಕೊಟ್ಟು ತರುವ, ಹತ್ತು ಹದಿನೈದು ಕಿಲೋ ತೂಗುವ ಪೆಟ್ಟಿಗೆಯಲ್ಲಿ ಇರುವುದು ಸುಮಾರು ಒಂದು ಯೂನಿಟ್ಟು ಮಾತ್ರವೆಂಬ ಸತ್ಯವನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ತಂತಿಯಲ್ಲಿ ಬರುವ ವಿದ್ಯುತ್ತು ತಿಂಗಳ ಕೊನೆಯಲ್ಲಿ ಲೆಕ್ಕ ಕೇಳುತ್ತದೆ. ಪೆಟ್ಟಿಗೆಯ ವಿದ್ಯುತ್ತಾದರೋ ಕಣಜದ ಭತ್ತದಂತೆ, ಅಳೆದು ತೆಗೆಯದಿದ್ದರೆ ಬೆಳಗಾಗುವ ಮುನ್ನವೇ ಬರಿದಾಗುತ್ತದೆ.

ಅಳತೆಯನ್ನೇ ಮಾಡಿ ನೋಡೋಣ. ಪ್ರವಾಹದ ಮಾರ್ಪಾಡಿನಲ್ಲಿ ಸ್ವಲ್ಪ ಭಾಗ ಶಾಖವಾಗಿ ಕಳೆದುಹೋಗುವುದರಿಂದ ಸಾವಿರದ ಪೆಟ್ಟಿಗೆಯಲ್ಲಿ ಕೈಗೆ ಸಿಕ್ಕುವುದು ಎಂಟುನೂರ ಐವತ್ತು ವ್ಯಾಟ್-ಅವರ್‌ನ ಆಸುಪಾಸು. ಒಂಬತ್ತು ವ್ಯಾಟಿನ ಮೂರು ಎಲ್‌ಇಡಿ ಬಲ್ಬುಗಳು ಐದು ಗಂಟೆ ಉರಿದರೆ 135. ಮೂರು ಮೊಬೈಲುಗಳು ತುಂಬಲು 60. ಅಂತರ್ಜಾಲದ ರೌಟರಿಗೆ 50. ನೆಬ್ಯುಲೈಜರ್ ಕಾಲು ಗಂಟೆಯಂತೆ ಎರಡು ಸಲ ನಡೆದರೆ ಹೆಚ್ಚೆಂದರೆ 75. ಇನ್ನು ಫ್ಯಾನು. ಚಾವಣಿಗೆ ನೇತುಹಾಕಿದ ಹಳೆಯ ಫ್ಯಾನು 75 ವ್ಯಾಟ್ ಬೇಡುತ್ತದೆ, ಎಂಟು ಗಂಟೆಗೆ 600. ಈಗ ಬರುತ್ತಿರುವ ಬಿಎಲ್‌ಡಿಸಿ ಫ್ಯಾನಿಗೆ 30 ವ್ಯಾಟ್ ಸಾಕು, ಎಂಟು ಗಂಟೆಗೆ 240. ಹಳೆಯ ಫ್ಯಾನಿದ್ದರೆ ಒಟ್ಟು ಮೊತ್ತ 920 ಆಗಿ ಪೆಟ್ಟಿಗೆ ನಸುಕಿಗೆ ಮುನ್ನ ಕೈಚೆಲ್ಲುತ್ತದೆ. ಹೊಸತಿದ್ದರೆ 560ರಲ್ಲಿ ರಾತ್ರಿ ಕಳೆದು, ಮರುದಿನಕ್ಕೂ ಸ್ವಲ್ಪ ಉಳಿಯುತ್ತದೆ. ದುಬಾರಿಯಾದ ದೊಡ್ಡ ಪೆಟ್ಟಿಗೆಯನ್ನು ಕೊಳ್ಳಲು ಹೊರಟವರು ಮೊದಲು ಒಂದು ಫ್ಯಾನನ್ನು ಬದಲಾಯಿಸುವುದು ಲೇಸೆಂದು ನಾನು ಹೇಳುವುದು ಈ ಕಾರಣದಿಂದ. ಗೀಜರು, ಇಸ್ತ್ರಿಪೆಟ್ಟಿಗೆ, ಇಂಡಕ್ಷನ್ ಒಲೆ ಮುಂತಾದ, ಶಾಖ ಹುಟ್ಟಿಸುವ ಉಪಕರಣಗಳ ಆಸೆಯನ್ನಂತೂ ಬಿಟ್ಟೇಬಿಡಬೇಕು. ಎರಡು ಸಾವಿರ ವ್ಯಾಟಿನ ಒಲೆಗೆ ಇಡೀ ಪೆಟ್ಟಿಗೆ ಅರ್ಧ ಗಂಟೆಗೂ ಸಾಲದು. ಫ್ರಿಜ್ಜು, ಮಿಕ್ಸಿ, ನೀರಿನ ಪಂಪು ಮೊದಲಾದ ಮೋಟಾರಿನ ಯಂತ್ರಗಳು ತಿರುಗತೊಡಗುವ ಕ್ಷಣದಲ್ಲಿ ತಮ್ಮ ನಿತ್ಯದ ಬೇಡಿಕೆಯ ಹಲವು ಪಟ್ಟು ಶಕ್ತಿಯನ್ನು ಸೆಳೆಯುವುದರಿಂದ, ಹೆಸರಿಗೆ ಸಾಕೆನಿಸುವ ಪೆಟ್ಟಿಗೆಯೂ ಆ ಕ್ಷಣದಲ್ಲಿ ಕಡಿದುಕೊಳ್ಳುವುದುಂಟು.

ಈ ಲೆಕ್ಕ ಅತ್ಯಂತ ಗಂಭೀರವಾಗುವುದು ರೋಗಿಯಿರುವ ಮನೆಯಲ್ಲಿ. 2021ರ ಕೋವಿಡ್ ಅಲೆಯ ಕಾಲದಲ್ಲಿ ಊರೂರಿಗೂ ಪರಿಚಿತವಾದ ಆಕ್ಸಿಜನ್ ಕಾನ್ಸಂಟ್ರೇಟರು, ನಿಮಿಷಕ್ಕೆ ಐದು ಲೀಟರ್ ಕೊಡುವಂಥದು, ಸುಮಾರು 350 ವ್ಯಾಟ್ ಬೇಡುತ್ತದೆ. ಸಾವಿರದ ಪೆಟ್ಟಿಗೆ ಅದನ್ನು ನಡೆಸಬಲ್ಲುದು ಎರಡೂವರೆ ಗಂಟೆಗಿಂತ ಕಡಿಮೆ. ಅಷ್ಟು ಹೊತ್ತು ಅಮೂಲ್ಯವೆಂಬುದರಲ್ಲಿ ಸಂದೇಹವಿಲ್ಲ. ಆಂಬುಲೆನ್ಸು ಬರುವ ತನಕ, ಸಿಲಿಂಡರನ್ನು ಜೋಡಿಸುವ ತನಕ ಅದು ಪ್ರಾಣವನ್ನು ಉಳಿಸೀತು. ಆದರೆ ರಾತ್ರಿಯಿಡೀ ನಡೆದೀತೆಂದು ನಂಬಿ ಸಿಲಿಂಡರಿನ ವ್ಯವಸ್ಥೆಯನ್ನು ಕೈಬಿಟ್ಟ ಮನೆಗೆ ಅದೇ ಪೆಟ್ಟಿಗೆ ಅಪಾಯಕಾರಿ. ಮನೆಯಲ್ಲಿ ಅತ್ಯಂತ ಅಶಕ್ತರು ಯಾರೋ ಅವರ ಒಂದು ರಾತ್ರಿಯ ಅಗತ್ಯವನ್ನು ಮೊದಲು ಬರೆದು, ಅದಕ್ಕೆ ಮೀಸಲು ತೆಗೆದು, ಮಿಕ್ಕಿದ್ದರಲ್ಲಿ ದೀಪವನ್ನೂ ಗಾಳಿಯನ್ನೂ ಹಂಚಿಕೊಳ್ಳುವುದು ಕ್ರಮ. ಮಾರುವವರು ಇದನ್ನು ಹೇಳುವುದಿಲ್ಲವಾದ್ದರಿಂದ ಮನೆಯವರೇ ಮಾಡಿಕೊಳ್ಳಬೇಕು.

ಪೆಟ್ಟಿಗೆಯ ಒಳಗಿನ ರಸಾಯನವನ್ನು ಕುರಿತು ಒಂದು ಮಾತು. ಹಳೆಯ ಲಿಥಿಯಂ ಬ್ಯಾಟರಿಗಳಲ್ಲಿ ಧನಧ್ರುವಕ್ಕೆ ಕೋಬಾಲ್ಟಿನ ಆಕ್ಸೈಡು ಬಳಕೆಯಾಗುತ್ತಿತ್ತು. ಅತಿಯಾಗಿ ಕಾದರೆ ಅದು ಆಮ್ಲಜನಕವನ್ನು ಬಿಟ್ಟುಕೊಟ್ಟು, ಬೆಂಕಿಗೆ ತಾನೇ ಆಹಾರ ಒದಗಿಸುತ್ತದೆ. ಆ ಆಕ್ಸೈಡು ಬ್ಯಾಟರಿಗೆ ಒದಗುವುದೆಂಬುದನ್ನು 1980ರಲ್ಲಿ ಕಂಡುಹಿಡಿದ ಜಾನ್ ಗುಡಿನಫ್ ಅವರೇ ಮುಂದೆ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ, ಕಬ್ಬಿಣದ ಫಾಸ್ಫೇಟನ್ನು ಬಳಸಬಹುದೆಂಬುದನ್ನು ಸಹೋದ್ಯೋಗಿಗಳೊಡನೆ ತೋರಿಸಿಕೊಟ್ಟರು. 1997ರಲ್ಲಿ ಪ್ರಕಟವಾದ ಆ ಪ್ರಬಂಧದ ಮೂವರು ಲೇಖಕರಲ್ಲಿ ಅಕ್ಷಯ ಪಾಧಿ, ಕೆ. ಎಸ್. ನಂಜುಂಡಸ್ವಾಮಿ ಎಂಬ ಎರಡು ಹೆಸರುಗಳಿರುವುದನ್ನು ಕಂಡಾಗ ನಮ್ಮವರಿಗೆ ಸಂತೋಷವಾಗದಿರದು. ಗುಡಿನಫ್ ಅವರಿಗೆ 2019ರಲ್ಲಿ, 97ನೆಯ ವಯಸ್ಸಿನಲ್ಲಿ, ಇನ್ನಿಬ್ಬರೊಡನೆ ನೊಬೆಲ್ ಬಂದಿತು. ಅಷ್ಟು ಮುಪ್ಪಿನಲ್ಲಿ ಆ ಪ್ರಶಸ್ತಿಯನ್ನು ಪಡೆದವರು ಬೇರೆ ಯಾರೂ ಇಲ್ಲ. ಫಾಸ್ಫೇಟಿನಲ್ಲಿ ರಂಜಕವೂ ಆಮ್ಲಜನಕವೂ ಬಲವಾಗಿ ಬೆಸೆದುಕೊಂಡಿರುವುದರಿಂದ ಶಾಖಕ್ಕೆ ಅದು ಸುಲಭವಾಗಿ ಒಡೆಯದು. ತೂಕ ಸ್ವಲ್ಪ ಹೆಚ್ಚು. ಆದರೆ ಸಾವಿರಾರು ಸಲ ತುಂಬಿ ಬರಿದುಮಾಡಿದರೂ ಬಾಳುತ್ತದೆ. ಮನೆಯ ಒಳಗೆ, ಮಲಗುವ ಕೋಣೆಯ ಪಕ್ಕದಲ್ಲಿ ಇಡುವ ಪೆಟ್ಟಿಗೆಯನ್ನು ಕೊಳ್ಳುವವರು ಲಿಥಿಯಂ ಐರನ್ ಫಾಸ್ಫೇಟ್ ಎಂಬ ಮಾತು ಅದರ ಮೇಲೆ ಇದೆಯೆ ಎಂದು ನೋಡಿಯೇ ಕೊಳ್ಳಬೇಕೆಂಬುದು ನನ್ನ ಆಗ್ರಹ.

ಹಾಗೆಂದು ಎಲ್ಲ ಮನೆಗಳಿಗೂ ಇದು ಬೇಕೆಂದು ನಾನು ಹೇಳಲಾರೆ. ದಿನಕ್ಕೆ ನಾಲ್ಕಾರು ಸಲ ಕರೆಂಟು ಹೋಗಿ ಬರುವ ಊರಿನಲ್ಲಿ, ಸ್ವಂತ ಮನೆಯಲ್ಲಿರುವವರಿಗೆ, ಗೋಡೆಯ ಪಕ್ಕದಲ್ಲಿ ನಿಲ್ಲಿಸಿದ ಹಳೆಯ ಇನ್ವರ್ಟರೂ ಟ್ಯೂಬ್ಯುಲರ್ ಬ್ಯಾಟರಿಯೂ ಇಂದಿಗೂ ಹೆಚ್ಚು ಅನುಕೂಲ. ಅದು ಅಗ್ಗ, ಕರೆಂಟು ಹೋದ ಕ್ಷಣದಲ್ಲಿ ತಾನಾಗಿ ದೀಪ ಹೊತ್ತಿಸುತ್ತದೆ, ಕೆಟ್ಟರೆ ತಾಲ್ಲೂಕಿನ ಪೇಟೆಯಲ್ಲಿ ರಿಪೇರಿ ಮಾಡುವವರಿದ್ದಾರೆ. ಡಿಸ್ಟಿಲ್ಡ್ ವಾಟರ್ ಹಾಕುವುದನ್ನು ಮಾತ್ರ ಮರೆಯಬಾರದು. ಬಾಡಿಗೆಯ ಮನೆಯವರಿಗೆ, ತೋಟದ ಮನೆಗೂ ಪೇಟೆಯ ಮನೆಗೂ ಓಡಾಡುವವರಿಗೆ, ನೆರೆ ಬಂದರೆ ಹೊತ್ತುಕೊಂಡು ಮೇಲಕ್ಕೆ ಹೋಗಬೇಕಾದವರಿಗೆ ಪೆಟ್ಟಿಗೆಯ ಉಪಯೋಗ ಹೆಚ್ಚು.

ಪೆಟ್ಟಿಗೆಯಿಂದ ಇಡೀ ಮನೆಗೆ ಬೆಳಕು ಕೊಡುವ ಆಸೆಯಿಂದ, ಎರಡು ತುದಿಗಳಲ್ಲಿಯೂ ಪ್ಲಗ್ಗಿರುವ ವೈರೊಂದನ್ನು ಮಾಡಿಸಿ, ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವವರಿದ್ದಾರೆ. ಇದನ್ನು ಎಂದಿಗೂ ಮಾಡಕೂಡದು. ಮೇನ್ ಸ್ವಿಚ್ಚನ್ನು ತೆಗೆಯಲು ಮರೆತರೆ ಆ ವಿದ್ಯುತ್ತು ಮನೆಯನ್ನು ದಾಟಿ ಬೀದಿಯ ತಂತಿಗೆ ನುಗ್ಗುತ್ತದೆ. ಟ್ರಾನ್ಸ್‌ಫಾರ್ಮರಿನ ಮೂಲಕ ಹಿಮ್ಮುಖವಾಗಿ ಹಾದರೆ ಸಾವಿರಾರು ವೋಲ್ಟಿಗೆ ಏರುತ್ತದೆ. ಆ ಹೊತ್ತಿನಲ್ಲಿ ತಂತಿಯ ಮೇಲೆ ಕೈಯಿಟ್ಟಿರುವವನು, ಸಾಲು ಕಡಿದಿದೆಯೆಂಬ ನಂಬಿಕೆಯಿಂದ ಮಳೆಯಲ್ಲಿ ಕಂಬ ಹತ್ತಿರುವ ಲೈನ್‌ಮನ್. ನಮ್ಮ ಮನೆಗೆ ಬೆಳಕು ತರಲೆಂದು ಬಂದವನ ಜೀವವನ್ನು ನಮ್ಮ ಮನೆಯ ಬೆಳಕೇ ತೆಗೆಯುವ ಸಂಭವ ಇದರಲ್ಲಿ ಅಡಗಿದೆ. ಇಡೀ ಮನೆಗೆ ಜೋಡಿಸಲೇಬೇಕಾದರೆ, ಎರಡು ಮೂಲಗಳು ಏಕಕಾಲದಲ್ಲಿ ಸೇರದಂತೆ ತಡೆಯುವ ಚೇಂಜ್‌ಓವರ್ ಸ್ವಿಚ್ಚನ್ನು ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನನಿಂದ ಹಾಕಿಸಬೇಕು. ಇಲ್ಲವಾದರೆ ಬೇಕಾದ ಉಪಕರಣವನ್ನು ಪೆಟ್ಟಿಗೆಗೇ ನೇರವಾಗಿ ಜೋಡಿಸಿದರಾಯಿತು.

ಪೆಟ್ಟಿಗೆಯ ಜೊತೆಗೆ ಮಡಿಸಿ ಒಯ್ಯುವ ಸೌರಫಲಕವನ್ನೂ ಮಾರುತ್ತಾರೆ. ನೂರು ವ್ಯಾಟಿನ ಫಲಕ ತಿಳಿಯಾದ ಬಿಸಿಲಿನ ದಿನದಲ್ಲಿ ನಾನೂರು ವ್ಯಾಟ್-ಅವರ್‌ನಷ್ಟು ತುಂಬೀತು. ಚಿತ್ರದುರ್ಗ, ಪಾವಗಡಗಳ ಬಯಲುಸೀಮೆಯಲ್ಲಿ ಇದು ಸಾರ್ಥಕ. ಆಗುಂಬೆಯ ಆಷಾಢದಲ್ಲಿ ಅದರ ಸ್ವಲ್ಪ ಪಾಲು ಬಂದರೂ ಹೆಚ್ಚೇ. ಕತ್ತಲೆ ಹೆಚ್ಚಾಗಿರುವ ಸೀಮೆಯಲ್ಲಿಯೇ, ಹೆಚ್ಚಾಗಿರುವ ಕಾಲದಲ್ಲಿಯೇ ಬಿಸಿಲೂ ಕಡಿಮೆಯಾದುದರಿಂದ, ಗಾಳಿಯ ಮುನ್ಸೂಚನೆ ಕಂಡೊಡನೆ ತಂತಿಯ ವಿದ್ಯುತ್ತಿನಿಂದಲೇ ಪೆಟ್ಟಿಗೆಯನ್ನು ತುಂಬಿಟ್ಟುಕೊಳ್ಳುವುದು ಮಲೆನಾಡಿಗರಿಗೆ ಉಚಿತ.

ಡೇರೆ ಹಾಕಿ ಕಾಡುಬೆಟ್ಟಗಳಲ್ಲಿ ತಂಗುವವರ ಕೈಗೂ ಈ ಪೆಟ್ಟಿಗೆ ಬಂದಿದೆ. ಕಾಡಿನಂಚಿನಲ್ಲಿ ಪ್ರಖರವಾದ ದೀಪಗಳನ್ನು ಬೆಳಗಿ, ಸ್ಪೀಕರುಗಳಲ್ಲಿ ಸಂಗೀತ ಮೊಳಗಿಸುವುದಕ್ಕೆ ಇದು ಸಾಧನವಾಗುವುದಾದರೆ ಅದು ನನಗೆ ಒಪ್ಪಿಗೆಯಿಲ್ಲ. ಕತ್ತಲೆಯನ್ನೂ ಮೌನವನ್ನೂ ನಂಬಿ ಬದುಕುವ ಜೀವಿಗಳ ಮನೆ ಅದು. ಪೆಟ್ಟಿಗೆಯ ಸದ್ವಿನಿಯೋಗವನ್ನು ಕಾಣಬೇಕಾದರೆ ಲಡಾಖಿನ ಹಾನ್ಲೆಯನ್ನು ನೆನೆಯಬಹುದು. ಅಲ್ಲಿ ಸುಮಾರು 4,500 ಮೀಟರ್ ಎತ್ತರದ ಶಿಖರವೊಂದರಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿದೆ. ಅಲ್ಲಿನ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಮ್ಮ ಹೊಸಕೋಟೆಯಿಂದಲೇ ಉಪಗ್ರಹದ ಸಂಪರ್ಕದ ಮೂಲಕ ನಡೆಸುತ್ತಾರೆ. ಕತ್ತಲೆಯನ್ನೇ ಸಂಪತ್ತೆಂದು ಕಾಪಾಡಲು 2022ರಲ್ಲಿ ಆ ಪ್ರದೇಶವನ್ನು ರಕ್ಷಿತವೆಂದು ಸಾರಿದ ಮೇಲೆ, ಹವ್ಯಾಸಿ ಖಗೋಳವೀಕ್ಷಕರು ತಮ್ಮ ದೂರದರ್ಶಕಗಳೊಡನೆ ಅಲ್ಲಿಗೆ ಹೋಗುತ್ತಾರೆ. ನಕ್ಷತ್ರವನ್ನು ಅನುಸರಿಸಿ ದೂರದರ್ಶಕವನ್ನು ತಿರುಗಿಸುವ ಮೋಟಾರಿಗೂ ಮಸೂರದ ಮೇಲೆ ಹಿಮ ಕಟ್ಟದಂತೆ ತಡೆಯುವ ಶಾಖಪಟ್ಟಿಗೂ ಬೇಕಾದ ಅಲ್ಪ ವಿದ್ಯುತ್ತನ್ನು, ಹೊಗೆಯಿಲ್ಲದೆ, ಅದುರಾಟವಿಲ್ಲದೆ ಕೊಡಲು ಈ ಪೆಟ್ಟಿಗೆಗಿಂತ ಮಿಗಿಲಾದುದಿಲ್ಲ. ಆದರೆ ಶೀತದ ವಿಷಯದಲ್ಲಿ ಎಚ್ಚರ ಬೇಕು. ಸೊನ್ನೆ ಡಿಗ್ರಿಗಿಂತ ತಣ್ಣಗಿರುವ ಬ್ಯಾಟರಿಯನ್ನು ತುಂಬಲು ಹೊರಟರೆ, ಒಳಸೇರಬೇಕಾದ ಲಿಥಿಯಂ ಋಣಧ್ರುವದ ಮೇಲೆ ಲೋಹವಾಗಿ ಕಟ್ಟಿಕೊಂಡು ಕೋಶವನ್ನು ಶಾಶ್ವತವಾಗಿ ಕೆಡಿಸುತ್ತದೆ. ಹೊದಿಕೆಯೊಳಗೆ ಬೆಚ್ಚಗಿಟ್ಟು, ಬಿಸಿಲೇರಿದ ಮೇಲೆ ತುಂಬಬೇಕು. ವಿಮಾನದಲ್ಲಿ ನೂರು ವ್ಯಾಟ್-ಅವರ್‌ವರೆಗೆ, ಅನುಮತಿ ಪಡೆದರೆ ನೂರ ಅರವತ್ತರವರೆಗೆ ಮಾತ್ರ ಬ್ಯಾಟರಿಗಳನ್ನು ಒಯ್ಯಲು ಬಿಡುವುದರಿಂದ, ಲೇಹಿಗೆ ಹಾರುವವರು ಇದನ್ನು ಜೊತೆಗೊಯ್ಯುವ ಮಾತೇ ಇಲ್ಲ. ರಸ್ತೆಯಲ್ಲಿ ಹೋಗುವವರಿಗಷ್ಟೇ ಅದು ಸಾಧ್ಯ.

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಮನೆಮಠಗಳನ್ನು ಬಿಟ್ಟು ಬಂದವರು ಆಶ್ರಯಕೇಂದ್ರಗಳಲ್ಲಿ ಸೇರಿದರು. ಅಂತಹ ಕಡೆಗಳಲ್ಲಿ ಅನ್ನ ಬಟ್ಟೆಗಳ ತರುವಾಯ ಎಲ್ಲರೂ ಅರಸುವುದು, ಸತ್ತುಹೋದ ಮೊಬೈಲಿಗೆ ಜೀವ ತುಂಬುವ ಒಂದು ಪ್ಲಗ್ಗನ್ನು. ಆಚೆ ಗುಡ್ಡದಲ್ಲಿ ಉಳಿದವರು ಬದುಕಿದ್ದಾರೆಯೆ ಎಂಬ ಪ್ರಶ್ನೆಗೆ ಉತ್ತರ ಬರಬೇಕಾದುದು ಅದರ ಮೂಲಕ. ಒಂದು ಯೂನಿಟ್ಟಿನ ಪೆಟ್ಟಿಗೆ ನಲವತ್ತು ಮೊಬೈಲುಗಳನ್ನು ಒಂದೊಂದು ಸಲ ತುಂಬಬಲ್ಲುದು. ಭೂಕುಸಿತದ ಭಯವಿರುವ ಪ್ರತಿಯೊಂದು ಗ್ರಾಮಪಂಚಾಯಿತಿಯಲ್ಲಿ, ಕಾಳಜಿ ಕೇಂದ್ರವಾಗಿ ಗೊತ್ತುಮಾಡಿದ ಶಾಲೆಯಲ್ಲಿ, ಇಂಥದೊಂದು ಇರಬೇಕೆಂಬುದು ನನ್ನ ಬಯಕೆ; ಊರಿನಲ್ಲಿ ಯಾರಿಗೆ ನೆಬ್ಯುಲೈಜರ್ ಬೇಕು, ಯಾರಿಗೆ ಆಕ್ಸಿಜನ್ ಬೇಕು ಎಂಬುದನ್ನು ಬಲ್ಲ ಆಶಾ ಕಾರ್ಯಕರ್ತೆಯ ಪಟ್ಟಿ ಅದರ ಪಕ್ಕದಲ್ಲಿಯೇ ಇರಬೇಕು. ಕೊಂಡು ಬೀರುವಿನಲ್ಲಿ ಬೀಗ ಹಾಕಿಟ್ಟರೆ ಪ್ರಯೋಜನವಿಲ್ಲ. ಪೂರ್ತಿ ಬರಿದಾಗಿ ತಿಂಗಳುಗಟ್ಟಲೆ ಬಿದ್ದಿರುವ ಲಿಥಿಯಂ ಬ್ಯಾಟರಿ ಮತ್ತೆ ಏಳದೆ ಹೋಗಬಹುದಾದ್ದರಿಂದ, ಬೇಸಗೆಯಲ್ಲಿ ಅರ್ಧಕ್ಕಿಂತ ಸ್ವಲ್ಪ ಮೇಲೆ ತುಂಬಿ ತಂಪಾದ ಜಾಗದಲ್ಲಿಡಬೇಕು, ಮೂರು ತಿಂಗಳಿಗೊಮ್ಮೆ ನೋಡಿ ತುಂಬಬೇಕು, ಜೂನ್ ಹುಟ್ಟಿದೊಡನೆ ಪೂರ್ತಿ ತುಂಬಬೇಕು. ಆ ಕೆಲಸಕ್ಕೆ ಇಂಥವರೇ ಎಂದು ಒಬ್ಬರನ್ನು ಗೊತ್ತುಮಾಡಬೇಕು. ಉಬ್ಬಿದ ಪೆಟ್ಟಿಗೆಯನ್ನೂ ನೀರಿನಲ್ಲಿ ಮುಳುಗಿದ ಪೆಟ್ಟಿಗೆಯನ್ನೂ ಮತ್ತೆ ಬಳಸದೆ, ಗುಜರಿಗೆ ಹಾಕದೆ, ತಯಾರಕರಿಗೇ ಹಿಂದಿರುಗಿಸಬೇಕು. ಹಳೆಯ ಬ್ಯಾಟರಿಗಳ ಹೊಣೆಯನ್ನು 2022ರ ನಿಯಮಗಳು ಅವರ ಮೇಲೆಯೇ ಹೊರಿಸಿವೆ.