ಹೆಸರುಳ್ಳ ಬಂಡೆ, ಹೆಸರಿಲ್ಲದ ಜನ

ಸಿಂಧನೂರಿನಿಂದ ಲಿಂಗಸೂಗೂರಿಗೆ ಸಾಗುವ ಹಾದಿಯಲ್ಲಿ ಮಸ್ಕಿ ಸಿಗುತ್ತದೆ. ಬಸ್ಸಿನಲ್ಲಿ ಕುಳಿತವರಿಗೆ ಬಂಡೆಗಳ ಗುಡ್ಡ ಕಾಣುತ್ತದೆ. ಇಳಿದು ನೋಡುವವರು ವಿರಳ. ಅಲ್ಲಿನ ಬಂಡೆಯೊಂದರ ಮೇಲೆ ಕ್ರಿ.ಪೂ. 3ನೆಯ ಶತಮಾನದ ಬ್ರಾಹ್ಮೀ ಲಿಪಿಯ ಪ್ರಾಕೃತ ಶಾಸನವಿದೆ. ಅದನ್ನು 1915ರಲ್ಲಿ ಗುರುತಿಸಿದವರು ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರರು. ಹೊನ್ನಿನ ಬೆನ್ನು ಹತ್ತಿದವರಿಗೆ ದೊರೆತದ್ದು ಒಂದು ಹೆಸರು!

1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದಿದಾಗ ಶಾಸನಗಳಲ್ಲಿ ಕಂಡದ್ದು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳು ಮಾತ್ರ. ಆತನೇ ಅಶೋಕನೆಂಬುದಕ್ಕೆ ಸಿಂಹಳದ ಗ್ರಂಥಗಳು ಆಧಾರವಾಗಿದ್ದವು. ಮಸ್ಕಿಯ ಕಲ್ಲು ಅಶೋಕನ ಹೆಸರನ್ನೇ ನುಡಿದು ಆ ಊಹೆಯನ್ನು ದೃಢಪಡಿಸಿತು. ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಅದನ್ನು ಪ್ರಕಟಿಸಿದರು. ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲಿಯೂ ಆ ಹೆಸರು ದೊರೆಯಿತು. ಇಂದು ಮಸ್ಕಿಯ ಬಂಡೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅದು ನ್ಯಾಯವೇ.

ಆದರೆ ಅಶೋಕನ ಲಿಪಿಕಾರನು ಬಂದದ್ದು ನಿರ್ಜನ ಕಾಡಿಗಲ್ಲ. 1954ರಲ್ಲಿ ಬಿ.ಕೆ. ಥಾಪರ್ ಅವರು ಇಲ್ಲಿ ನಡೆಸಿದ ಉತ್ಖನನದಲ್ಲಿ ನಾಲ್ಕು ಕಾಲಘಟ್ಟಗಳ ನೆಲೆಗಳು ಒಂದರ ಮೇಲೊಂದು ಕಂಡವು. ತಳದಲ್ಲಿದ್ದವರು ಕಲ್ಲಿನ ಕೊಡಲಿ, ಸಣ್ಣ ಕಲ್ಲಲಗುಗಳನ್ನು ಬಳಸಿದ ನವಶಿಲಾಯುಗದ ಜನ. ಅವರ ಮೇಲೆ ಕಬ್ಬಿಣ ಬಲ್ಲ ಬೃಹತ್ ಶಿಲಾಯುಗದವರು. ಲಿಂಗಸೂಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ ಆಲ್ಚಿನ್ ಅವರು ಅಗೆದಾಗಲೂ ಇಂಥದೇ ದನಗಾಹಿಗಳ ನೆಲೆ ಬೆಳಕಿಗೆ ಬಂತು. ಅಲ್ಲಿನ ಬಂಡೆಗಳ ಮೇಲೆ ಅವರು ಕುಟ್ಟಿ ಮೂಡಿಸಿದ ಎತ್ತುಗಳು ಇವೆ. ಈ ನೆಲದಲ್ಲಿ ಮೊದಲು ಒಲೆ ಹೂಡಿದವರು, ಹಟ್ಟಿ ಕಟ್ಟಿದವರು ಇವರೇ. ಇವರಲ್ಲಿ ಒಬ್ಬನ ಹೆಸರೂ ನಮಗೆ ಉಳಿದಿಲ್ಲ.

ಇಲ್ಲೊಂದು ವಿಪರ್ಯಾಸವನ್ನು ವಾಚಕರು ಗಮನಿಸಬೇಕು. ಆ ಶಾಸನದ ತಿರುಳೇನು? ಧರ್ಮದಲ್ಲಿ ನಿಷ್ಠನಾದರೆ ಅಲ್ಪನೂ ಈ ಗತಿಯನ್ನು ಪಡೆಯಬಲ್ಲನು. ಇದು ದೊಡ್ಡವರಿಗಷ್ಟೇ ಸಾಧ್ಯವೆಂದು ಎಣಿಸಬಾರದು. ಇದನ್ನು ಅಲ್ಪರಿಗೂ ಮಹಾತ್ಮರಿಗೂ ತಿಳಿಸಿರಿ ಎಂಬುದು. ಇಂಥ ಮಾತಿನ ಕಲ್ಲಿಗೆ ಕಾವಲಿಟ್ಟ ನಾವು, ಆ ಅಲ್ಪರ ಮನೆಮಾರುಗಳನ್ನು ಎಣಿಕೆಗೇ ತರುವುದಿಲ್ಲ. ಸಗಣಿ ಸುಟ್ಟು ಸುಟ್ಟು ಬೆಳೆದ ಬೂದಿದಿಬ್ಬಗಳು ಈ ಸೀಮೆಯ ಹಳೆಯ ದಾಖಲೆಗಳು. ಅವುಗಳಲ್ಲಿ ಎಷ್ಟೋ ದಿಬ್ಬಗಳ ಮಣ್ಣು ಗೊಬ್ಬರವಾಗಿ ಹೊಲ ಸೇರಿದೆ. ರೈತನನ್ನು ದೂರಿ ಫಲವಿಲ್ಲ. ಅದೇನೆಂದು ಆತನಿಗೆ ಹೇಳಿದವರಾರು?

ಮಸ್ಕಿಯಲ್ಲಿ ಒಂದು ಕಿರು ಉದ್ಯಾನವಾಗಲಿ ಎಂಬುದು ನನ್ನ ಆಶಯ. ಕಾರಂಜಿ, ಪ್ರತಿಮೆಗಳ ಆಡಂಬರ ಅದಕ್ಕೆ ಬೇಡ. ನಾಲ್ಕು ಬೇವಿನ ಮರ, ಕುಳಿತುಕೊಳ್ಳಲು ಕಲ್ಲಿನ ಆಸನ, ಸಿಂಧನೂರು ಲಿಂಗಸೂಗೂರುಗಳ ಶಾಲೆಯ ಮಕ್ಕಳು ಓದಬಲ್ಲ ತಿಳಿಗನ್ನಡದ ಒಂದು ಫಲಕ ಸಾಕು. ಅದರಲ್ಲಿ ಅಶೋಕನಿಗಿಂತ ಮೊದಲು ಆ ದನಗಾಹಿಗಳ ಪ್ರಸ್ತಾಪ ಬರಲಿ. ಕಾಲಾನುಕ್ರಮವೂ ಅದೇ ಅಲ್ಲವೇ?