ನಾಯಿಮರಿಗೆ ಐಎಸ್‌ಐ ಗುರುತು ಇರುವುದಿಲ್ಲ

ನಮ್ಮ ಮನೆಯಲ್ಲಿ ನಾಯಿ ಸಾಕುವುದಿಲ್ಲ. ಆದರೂ ಕಾಲೇಜಿನ ಪತ್ರಿಕೆಗೆ ನಾಯಿಮರಿ ಕೊಳ್ಳುವ ಬಗ್ಗೆ ಬರೆಯುತ್ತೇನೆ ಎಂದಾಗ ನಮ್ಮ ಆಪಾ ನಕ್ಕಳು. ನಾನು ಬರೆಯುತ್ತಿರುವುದು ಎದುರುಮನೆಯ ಚಿಂಟುವಿಗಾಗಿ.

ಚಿಂಟು ಪಗ್ ತಳಿಯ ನಾಯಿ. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಪುಟ್ಟ ಹುಡುಗನ ಹಿಂದೆಯೇ ಹೋಗುತ್ತಿದ್ದ ಚಪ್ಪಟೆ ಮುಖದ ನಾಯಿ ನಿಮ್ಮ ಮನೆಯ ದೊಡ್ಡವರಿಗೆ ನೆನಪಿರಬಹುದು. ಅದೇ ತಳಿ. ಎದುರುಮನೆಯ ಆಂಟಿ ಎರಡು ವರ್ಷದ ಹಿಂದೆ ಎಂಟು ಸಾವಿರ ಕೊಟ್ಟು ಚಿಂಟುವನ್ನು ತಂದರು. ಮಾರಿದವನು ಬಸ್ ನಿಲ್ದಾಣದ ಹತ್ತಿರ ರಟ್ಟಿನ ಪೆಟ್ಟಿಗೆಯಲ್ಲಿ ಮರಿ ಕೊಟ್ಟು, ಹಣ ಎಣಿಸಿಕೊಂಡು ಹೋದ. ಮಲಗಿದಾಗ ಚಿಂಟು ಗೊರಕೆ ಹೊಡೆಯುತ್ತಿತ್ತು. ಓಣಿಯ ಮಕ್ಕಳೆಲ್ಲ ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ನಗುತ್ತಿದ್ದೆವು.

ಕಳೆದ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಚಿಂಟು ಗೇಟಿನ ಬಳಿ ಕುಸಿದು ಬಿತ್ತು. ಕಲಬುರಗಿಯ ಏಪ್ರಿಲ್ ಬಿಸಿಲು ನಿಮಗೆ ಗೊತ್ತೇ ಇದೆ. ನಾಲಿಗೆ ನೀಲಿಗಟ್ಟಿತ್ತು. ಮೈಮೇಲೆ ನೀರು ಹಾಕಿ, ಆಟೋದಲ್ಲಿ ಕ್ಲಿನಿಕ್ಕಿಗೆ ಓಡಿದೆವು. ನನ್ನ ಖಾಲಾ ಮಗ ಅಲ್ಲಿಯೇ ಕೆಲಸ ಮಾಡುತ್ತಾರೆ. ಚಿಂಟು ಉಳಿಯಿತು. ಡಾಕ್ಟರು ಅದರ ಮೂಗನ್ನು ನಮಗೆ ತೋರಿಸಿದರು. ಮೂಗಿನ ಹೊಳ್ಳೆಗಳು ದುಂಡಗಿರಲಿಲ್ಲ, ಉಗುರಿನಿಂದ ಗೀರಿದಂತೆ ಎರಡು ಗೆರೆಗಳಿದ್ದವು. "ಇದು ಹುಟ್ಟಿನಿಂದ ಬಂದದ್ದು. ಕೊಳ್ಳುವ ದಿನ ಒಂದು ನಿಮಿಷ ನೋಡಿದ್ದರೆ ಕಾಣುತ್ತಿತ್ತು" ಎಂದರು. ನಾವು ನಗುತ್ತಿದ್ದ ಗೊರಕೆ, ಉಸಿರಿಗಾಗಿ ಅದು ಪಡುತ್ತಿದ್ದ ಕಷ್ಟವಾಗಿತ್ತು. ಹೊಳ್ಳೆ ಅಗಲಿಸುವ ಆಪರೇಷನ್ನಿಗೆ ನಾಯಿಯ ಬೆಲೆಗಿಂತ ಹೆಚ್ಚು ಖರ್ಚಾಯಿತು.

ನಾನು ಕಾಮರ್ಸ್ ವಿದ್ಯಾರ್ಥಿನಿ. ಪ್ರೆಷರ್ ಕುಕ್ಕರ್‌ಗೆ ಐಎಸ್‌ಐ, ಜೇನುತುಪ್ಪಕ್ಕೆ ಆಗ್‌ಮಾರ್ಕ್, ಚಿನ್ನಕ್ಕೆ ಹಾಲ್‌ಮಾರ್ಕ್ ನೋಡಬೇಕೆಂದು ಗ್ರಾಹಕ ರಕ್ಷಣೆಯ ಪಾಠದಲ್ಲಿ ಓದುತ್ತೇವೆ. ನಾಯಿಮರಿಯ ಮೈಮೇಲೆ ಅಂಥ ಗುರುತು ಇರುವುದಿಲ್ಲ. ಹಾಗಾದರೆ ಒಳ್ಳೆಯ ಕಡೆ ಬೆಳೆಸಿದ ಮರಿ ಎಂದು ತಿಳಿಯುವುದು ಹೇಗೆ? ಡಾಕ್ಟರನ್ನೂ ಭಾಯಿಜಾನರನ್ನೂ ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ತಾಯಿಯನ್ನು ನೋಡಿ. ಮರಿಗಳೆಲ್ಲ ಮುದ್ದಾಗಿಯೇ ಇರುತ್ತವೆ. ತಾಯಿ ನಾಯಿ ಮಾತ್ರ ಸುಳ್ಳು ಹೇಳುವುದಿಲ್ಲ. ಅದು ಹತ್ತು ಹೆಜ್ಜೆ ಓಡಿದ ಮೇಲೆ ಹೇಗೆ ಉಸಿರಾಡುತ್ತದೆ, ಜನರನ್ನು ಕಂಡರೆ ಬಾಲ ಆಡಿಸುತ್ತದೋ ಮೂಲೆ ಸೇರುತ್ತದೋ, ಇರುವ ಜಾಗ ಸ್ವಚ್ಛವಾಗಿದೆಯೋ ನೋಡಬೇಕು. "ತಾಯಿ ಊರಲ್ಲಿದೆ" ಎಂದು ಹೇಳುವವರಿಂದ ಕೊಳ್ಳಬೇಡಿ.

ಎರಡನೆಯದು ವಯಸ್ಸು. ಕೇಂದ್ರ ಸರ್ಕಾರ 2017ರಲ್ಲಿ ನಾಯಿ ತಳಿ ಬೆಳೆಸುವುದು ಮತ್ತು ಮಾರುವುದರ ಬಗ್ಗೆ ನಿಯಮಗಳನ್ನು ತಂದಿದೆ. ಅದರ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ತಾಯಿಗೆ ಕನಿಷ್ಠ 18 ತಿಂಗಳಾಗಿರಬೇಕು, ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚಿಲ್ಲ. ತಳಿ ಬೆಳೆಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಆದ್ದರಿಂದ "ಇದು ಎಷ್ಟನೇ ಸೂಲು?" ಮತ್ತು "ನೋಂದಣಿ ಇದೆಯೇ?" ಎಂದು ಕೇಳುವುದಕ್ಕೆ ಸಂಕೋಚ ಬೇಡ.

ಮೂರನೆಯದು ಉಸಿರು. ಪಗ್‌ನ ಮುಖದ ಎಲುಬು ಗಿಡ್ಡ, ಆದರೆ ಒಳಗಿನ ಮಾಂಸ ಅಷ್ಟು ಕಡಿಮೆಯಾಗಿಲ್ಲ. ಸಣ್ಣ ಟಿಫಿನ್ ಡಬ್ಬಿಯಲ್ಲಿ ದೊಡ್ಡ ಡಬ್ಬಿಯ ಊಟ ತುರುಕಿದ ಹಾಗೆ. ಅಂಗುಳಿನ ಹಿಂಭಾಗ ಉದ್ದವಾಗಿ ಗಾಳಿಯ ದಾರಿಗೆ ಅಡ್ಡ ಬರುತ್ತದೆ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ತೇಕಿ ಮೈ ತಣ್ಣಗೆ ಮಾಡಿಕೊಳ್ಳುತ್ತದೆ. ಗಾಳಿಯ ದಾರಿಯೇ ಕಿರಿದಾದರೆ ಬಿಸಿಲಿನಲ್ಲಿ ಜೀವಕ್ಕೇ ಅಪಾಯ. ಆದ್ದರಿಂದ ಮರಿಯ ಹೊಳ್ಳೆಗಳು ತೆರೆದಿವೆಯೇ, ಬಾಯಿ ಮುಚ್ಚಿಕೊಂಡು ಸದ್ದಿಲ್ಲದೆ ಉಸಿರಾಡುತ್ತದೆಯೇ ನೋಡಿ. ಮುಖ ಎಷ್ಟು ಚಪ್ಪಟೆಯೋ ಅಷ್ಟು ಅಸಲಿ ಎಂದು ಮಾರುವವರು ಹೇಳಬಹುದು. ಅದನ್ನು ನಂಬಿ ಅತಿ ಚಪ್ಪಟೆ ಮುಖದ ಮರಿಯನ್ನೇ ಆರಿಸಿಕೊಳ್ಳಬೇಡಿ.

ನಾಲ್ಕನೆಯದು ಕಾಲು, ಕಣ್ಣು, ಚರ್ಮ. ಮರಿಯನ್ನು ನೆಲದ ಮೇಲೆ ಬಿಟ್ಟು ನಡೆಸಿ. ಓಡುವಾಗ ಹಿಂಗಾಲನ್ನು ಎತ್ತಿಕೊಂಡು ಕುಂಟಿ, ಮತ್ತೆ ಸರಿಯಾಗಿ ನಡೆದರೆ ಮೊಣಕಾಲಿನ ಚಿಪ್ಪು ಜಾರುತ್ತಿರಬಹುದು. ಸಣ್ಣ ತಳಿಗಳಲ್ಲಿ ಈ ತೊಂದರೆ ಹೆಚ್ಚು. ಕಣ್ಣಿನಲ್ಲಿ ಪೊರೆ, ಗೀಜು ಇರಬಾರದು. ಮುಖದ ಮಡಿಕೆಯೊಳಗೆ ವಾಸನೆ ಬರಬಾರದು. "ಟೀಕಪ್ ಪಗ್" ಎಂದು ಹೇಳಿ ಹೆಚ್ಚು ಬೆಲೆ ಕೇಳಿದರೆ ಎದ್ದು ಬನ್ನಿ. ಬೆಳೆದ ಪಗ್‌ಗೆ ಅಂತಾರಾಷ್ಟ್ರೀಯ ಮಾನದಂಡ ಹೇಳುವ ತೂಕ 6.3ರಿಂದ 8.1 ಕಿಲೋ. ಅದರಲ್ಲಿ ಟೀಕಪ್ ಎಂಬ ಜಾತಿಯೇ ಇಲ್ಲ.

ಐದನೆಯದು ಕಾಗದ. ಕೆನಲ್ ಕ್ಲಬ್ ಆಫ್ ಇಂಡಿಯಾದ ನೋಂದಣಿ ಪತ್ರ ಇದ್ದರೆ ಒಳ್ಳೆಯದು. ಅದರಲ್ಲಿರುವ ಮೈಕ್ರೋಚಿಪ್ ಸಂಖ್ಯೆ ನಾಯಿಯ ಚಿಪ್‌ಗೆ ಹೊಂದುತ್ತದೆಯೇ ಎಂದು ಕ್ಲಿನಿಕ್ಕಿನಲ್ಲಿ ನೋಡಿಸಿ. ಆದರೆ ಆ ಪತ್ರ ನಾಯಿಯ ಅಪ್ಪ ಯಾರು, ಅಜ್ಜ ಯಾರು ಎಂದು ಹೇಳುತ್ತದೆ. ಉಸಿರು ಸರಿಯಿದೆ ಎಂದು ಹೇಳುವುದಿಲ್ಲ. ಅದಕ್ಕೆ ಪಶುವೈದ್ಯರ ತಪಾಸಣೆ ಬೇಕು, ಸಹಿ ಇರುವ ಲಸಿಕೆಯ ಪುಸ್ತಕ ಬೇಕು. ರಸೀದಿಯನ್ನೂ ಮರೆಯದೆ ತೆಗೆದುಕೊಳ್ಳಿ. ರಸೀದಿ ಇಲ್ಲದೆ ಆಂಟಿ ಯಾರ ಮೇಲೂ ದೂರು ಕೊಡಲಾಗಲಿಲ್ಲ.

ಕೊನೆಯದು ಬೆಲೆ. ತಾಯಿಗೆ ಒಳ್ಳೆಯ ಆಹಾರ, ತಪಾಸಣೆ, ಲಸಿಕೆ, ಎಂಟು ವಾರದ ಆರೈಕೆ, ಕೆಲವೊಮ್ಮೆ ಸಿಸೇರಿಯನ್, ಎಲ್ಲವೂ ಖರ್ಚೇ. ತೀರಾ ಅಗ್ಗಕ್ಕೆ ಕೊಡುವವರು ಇವುಗಳಲ್ಲಿ ಯಾವುದನ್ನೋ ಬಿಟ್ಟಿರುತ್ತಾರೆ. ಹಾಗೆಂದು ದುಬಾರಿ ಎಲ್ಲವೂ ಒಳ್ಳೆಯದಲ್ಲ. ಬೆಲೆ ಕೇಳುವ ಮುಂಚೆ ತಾಯಿಯನ್ನು ಕೇಳಿ.

ಈಗ ಆಂಟಿಯ ತಮ್ಮನಿಗೂ ಪಗ್ ಬೇಕಂತೆ. ಆಂಟಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಲ್ವರಿಗೆ ಫೋನ್ ಮಾಡಿದರು. ಒಬ್ಬರು ಮೊದಲು ಅಡ್ವಾನ್ಸ್ ಹಾಕಿ ಎಂದರು. ಇನ್ನೊಬ್ಬರು ತಾಯಿ ಇಲ್ಲಿಲ್ಲ ಎಂದರು. ಮೂರನೆಯವರು ಫೋನ್ ಇಟ್ಟರು. ನಾಲ್ಕನೆಯ ಹೆಂಗಸು ನಮ್ಮನ್ನೇ ಪ್ರಶ್ನೆ ಕೇಳಿದರು. ಮನೆಯಲ್ಲಿ ಕೂಲರ್ ಇದೆಯೇ? ಮಧ್ಯಾಹ್ನ ಯಾರು ಇರುತ್ತಾರೆ? ಮರಿಗೆ ಇನ್ನೂ ಐದು ವಾರ, ಮೂರು ವಾರ ಕಾಯುತ್ತೀರಾ? "ದುಡ್ಡು ಕೊಡೋರು ನಾವು, ಇವರದೇನು ಇಷ್ಟು ಪ್ರಶ್ನೆ?" ಎಂದು ಆಂಟಿಯ ತಮ್ಮ ಗೊಣಗಿದರು. ಆಂಟಿ ಚಿಂಟುವಿನ ಕಡೆ ನೋಡಿ, "ಅವರ ಹತ್ತಿರಾನೇ ತಗೋ" ಎಂದರು.

ಬಾಯಾರಿದ ನಾಯಿಗೆ ಬಾವಿಯಿಂದ ನೀರು ತೆಗೆದು ಕುಡಿಸಿದವನನ್ನು ಅಲ್ಲಾಹ್ ಕ್ಷಮಿಸಿದ ಹದೀಸ್ ನಮ್ಮ ದಾದಿ ಹೇಳುತ್ತಿರುತ್ತಾರೆ. ಚಿಂಟು ಬಿದ್ದ ದಿನ ಅವರೂ ಬಾಗಿಲಲ್ಲಿ ನಿಂತು ದುವಾ ಮಾಡಿದ್ದರು. "ಬೇಜುಬಾನ್ ಹೈ" ಎಂದರು. ಮಾತು ಬಾರದ ಜೀವ. ಉಸಿರು ಕಟ್ಟುತ್ತಿದೆ ಎಂದು ಚಿಂಟು ಎರಡು ವರ್ಷ ಹೇಳಲಾಗಲಿಲ್ಲ. ನೋಡಬೇಕಾದವರು ನಾವು.